ಹೆಗ್ಗಣದ ನಡಿಗೆ

ಮಾರ್ಚ್ 4

ಬೆಳಿಗ್ಗೆಯಿಂದ ಹೆಗ್ಗಣ ಕೊಲ್ಲುವುದೇ ಕೆಲಸ. ಗೇಮಿನ ಹೊಸ ಬಿಲ್ಡ್, ಅಂದರೆ ಆಡಬಹುದಾದ ಹೊಸ ಪ್ರತಿ, ಬಂದಿದೆ, ಟೆಸ್ಟಿಂಗ್‌ನವರಿಗೆ ಕೊಡುವ ಮೊದಲು ನಾನೇ ಒಂದು ಸುತ್ತು ಆಡಿ ನೋಡಬೇಕು. ಹೀರೊ ಜಿಗಿದ, ಹೆಗ್ಗಣ ಚಪ್ಪಟೆ. ಹೀರೊ ಜಿಗಿದ, ಹೆಗ್ಗಣ ಚಪ್ಪಟೆ. ನಮ್ಮ ಗೇಮಿನ ಮೂರು ಭಾಗಗಳಲ್ಲೂ ಹೆಗ್ಗಣದ ಹಣೆಬರಹ ಇಷ್ಟೇ. ಮೊದಲ ಲೆವೆಲ್‌ನಲ್ಲಿ ಎದುರಾಗುವ ಬಡಪಾಯಿ ಶತ್ರು. ಯಾವ ಬಟನ್ ಏನೆಂದು ಗೊತ್ತಿಲ್ಲದವರೂ ಕೊಲ್ಲಬಹುದು.

ಶತ್ರುಗಳ ಬುದ್ಧಿ ಬರೆಯುವುದು ನನ್ನ ಕೆಲಸ — ಎಲ್ಲಿ ತಿರುಗಬೇಕು, ಯಾವಾಗ ಬೀಳಬೇಕು, ಹೇಗೆ ಸಾಯಬೇಕು. ಮೈಕೈ ಆಡಿಸುವುದು ಅನಿಮೇಟರ್ ಕೆಲಸ. ಅನಿಮೇಟರ್ ಅಂದರೆ ನಮ್ಮ ಮಿಮಿಕ್ರಿ. ನಿಜವಾದ ಹೆಸರು ಆಫೀಸಿನಲ್ಲಿ ಯಾರ ಬಾಯಲ್ಲೂ ಇಲ್ಲ. ನಮ್ಮ ಬಾಸ್ ಮೇಡಂ ಮೆಟ್ಟಿಲಿಳಿಯುವುದು, ವಾಚ್‌ಮನ್ ಆಕಳಿಸುವುದು... ಯಾರನ್ನು ಬೇಕಾದರೂ ಮಾಡಿ ತೋರಿಸುತ್ತಾನೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಕ್ಕಿದ್ದೇನೆ.

ನಾಲ್ಕನೇ ಭಾಗದ ಹೆಗ್ಗಣಕ್ಕೆ ಹೊಸ ನಡಿಗೆ ಮಾಡಿದ್ದಾನಂತೆ. "ನಾಳೆ ಹಾಕ್ತೀನಿ ಅಕ್ಕ. ಬಿದ್ದು ಬಿದ್ದು ನಗ್ತೀರಾ" ಅಂದ.

ಮಾರ್ಚ್ 5

ನಗಲಿಲ್ಲ.

ಹೆಗ್ಗಣಕ್ಕೆ ಪ್ಯಾಂಟ್ ಹಾಕಿದ್ದಾನೆ. ಎರಡು ಹೆಜ್ಜೆ. ಎಡಗಾಲು ಹಿಂದೆ ಎಳೆಯುತ್ತದೆ. ನಿಲ್ಲುತ್ತದೆ. ಎರಡೂ ಕೈಯಿಂದ ಪ್ಯಾಂಟ್ ಮೇಲೆಳೆದುಕೊಳ್ಳುತ್ತದೆ. ಯಾರಾದರೂ ನೋಡಿದರೇನೋ ಅಂತ ಒಮ್ಮೆ ಅತ್ತಿತ್ತ ಕಣ್ಣು ಹಾಯಿಸುತ್ತದೆ. ಮತ್ತೆ ಎರಡು ಹೆಜ್ಜೆ.

ಅಪ್ಪ.

ಲಿಫ್ಟ್ ರಿಪೇರಿ ಮಾಡುತ್ತಿದ್ದ ನನ್ನಪ್ಪ. ಲಿಫ್ಟಿನ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೀಗೇ ನಡೆಯುತ್ತಾರೆ. ಮೈ ಇಳಿದು ಪ್ಯಾಂಟ್ ಸಡಿಲ. ಕಾಲು ಎಳೆಯುವುದಾದರೂ ಹೋಗಲಿ. ಆ ಕಣ್ಣು ಹಾಯಿಸುವುದು... ಅದನ್ನೂ ಬಿಟ್ಟಿಲ್ಲ ಈ ಪಾಪಿ.

ಕಳೆದ ತಿಂಗಳು ಇಡೀ ಟೀಮನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಅಪ್ಪ ಅಡುಗೆಮನೆಯಿಂದ ನೀರಿನ ಜಗ್ ತಂದರು. ಇವನ ಕೈಯಲ್ಲಿ ಫೋನ್ ಇತ್ತು. ಮೆಸೇಜ್ ನೋಡುತ್ತಿದ್ದಾನೆ ಅಂದುಕೊಂಡಿದ್ದೆ. ನಮ್ಮ ಮನೆಯ ತುತ್ತು ಬಾಯಲ್ಲಿಟ್ಟುಕೊಂಡೇ ವಿಡಿಯೊ ತೆಗೆದಿದ್ದಾನೆ.

"ಇದೆಲ್ಲಿಂದ ಬಂತು?" ಅಂತ ಕೇಳಿದೆ.

"ಎಲ್ಲಿಂದಾನೋ... ತಲೆಯಿಂದ. ಚೆನ್ನಾಗಿಲ್ವಾ ಅಕ್ಕ?"

"ಚೆನ್ನಾಗಿದೆ" ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಆಮೇಲೆ ಎಲ್ಲರೂ ಇವನ ಮೇಜಿನ ಸುತ್ತ ನಿಂತು ಸರದಿಯಲ್ಲಿ ಆಡಿದರು. ಒಬ್ಬೊಬ್ಬರೂ ಅಪ್ಪನ ತಲೆಯ ಮೇಲೆ ಜಿಗಿದರು. ಚಪ್ಪಟೆ. ನಗು. ಚಪ್ಪಟೆ. ನಗು.

ಬಿಡುವುದಿಲ್ಲ. ಇವನನ್ನು ಸುಮ್ಮನೆ ಬಿಟ್ಟರೆ ನಾನು ನನ್ನಪ್ಪನ ಮಗಳೇ ಅಲ್ಲ. ಈ ಗೇಮ್ ಹೊರಗೆ ಹೋಗುವಷ್ಟರಲ್ಲಿ ಆ ನಡಿಗೆ ಹೋಗಬೇಕು, ಇವನ ಮಾನವೂ ಹೋಗಬೇಕು.

ಮಾರ್ಚ್ 9

ಮೇಡಂಗೆ ಹೇಳಬಹುದು. ಆದರೆ ಹೇಳುವುದೇನು? ಹೆಗ್ಗಣದ ನಡಿಗೆ ನನ್ನಪ್ಪನದು ಅಂತಲೇ? ಈಗ ಹೆಗ್ಗಣ ನೋಡಿ ನಗುವವರು ಆಮೇಲೆ ಅಪ್ಪನನ್ನು ನೆನೆಸಿಕೊಂಡು ನಗುತ್ತಾರೆ. ಬೇಡ.

ಹೆಗ್ಗಣದಲ್ಲಿ ತಪ್ಪು ಹುಡುಕಿ ದಿನವಿಡೀ ಬಗ್ ದೂರು ಹಾಕುತ್ತಿದ್ದೇನೆ. ಬಾಲ ಗೋಡೆಯೊಳಗೆ ಹೋಗುತ್ತಿದೆ. ಮೀಸೆ ನಡುಗುತ್ತಿದೆ. ಪ್ಯಾಂಟಿನ ನೆರಳು ಇಲ್ಲ. ಮಿಮಿಕ್ರಿ ಸಿಳ್ಳೆ ಹಾಕಿಕೊಂಡು ಸರಿಮಾಡಿ ವಾಪಸ್ ಕಳಿಸುತ್ತಾನೆ. ಸೊಳ್ಳೆ ಕಚ್ಚಿದಷ್ಟೂ ಆಗಿಲ್ಲ ಅವನಿಗೆ.

ಮನೆಯಲ್ಲಿ ಅಪ್ಪ ಕೇಳಿದರು, "ಏನಮ್ಮ, ಮುಖ ಯಾಕೆ ಊದ್ಕೊಂಡಿದೆ? ಗೇಮ್ ಮುಗೀಲಿಲ್ವಾ?" ಅವರ ಕಾಲು ನೋಡಲಾಗಲಿಲ್ಲ. ತಲೆನೋವು ಅಂದೆ. ಅಮ್ಮ ತಕ್ಷಣ ಮುಲಾಮು ಹುಡುಕಲು ಎದ್ದಳು.

ಮಾರ್ಚ್ 12

ಸಿಕ್ಕಿತು!

ಇಪ್ಪತ್ತನೇ ತಾರೀಕು ಬಂಡವಾಳ ಹಾಕುವ ಕಂಪನಿಯವರು ಬರುತ್ತಾರೆ. ದೊಡ್ಡ ಪರದೆ. ಎಲ್ಲರ ಮುಂದೆ ಆಡಿ ತೋರಿಸುವವನು ಮಿಮಿಕ್ರಿ. ಮಾತು ಚೆನ್ನಾಗಿ ಆಡುತ್ತಾನಲ್ಲ, ಅದಕ್ಕೆ.

ಹೆಗ್ಗಣ ಸಾಯುವುದು ಹೇಗೆ ಅಂತ ಬರೆಯುವವಳು ನಾನು. ಸಾಯದಿದ್ದರೆ?

ತುಳಿದ ಕೂಡಲೇ ಚಪ್ಪಟೆಯಾಗಲಿ. ಆಮೇಲೆ ಎದ್ದು ಕೂರಲಿ. ಪ್ಯಾಂಟ್ ಮೇಲೆಳೆದುಕೊಳ್ಳಲಿ. ತುಳಿದವನ ಬೆನ್ನು ಹತ್ತಲಿ. ತುಳಿದಷ್ಟೂ ಹೆಗ್ಗಣಗಳು ಹಿಂದೆ ಸೇರಿಕೊಳ್ಳಲಿ. ಕಡೆಗೆ ಎಲ್ಲ ಸೇರಿ ಹೀರೊನನ್ನು ನೂಕಿ ಗುಂಡಿಗೆ ಕೆಡವಲಿ. ಪರದೆ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾನೆ ಮಹಾರಾಯ. ಮಾತು ಬರುವುದಿಲ್ಲ. ಮೇಡಂ ಎಲ್ಲರ ಮುಂದೆ ಝಾಡಿಸುತ್ತಾರೆ.

ಸಂಜೆಯೊಳಗೆ ಬರೆದು ಮುಗಿಸಿದೆ. ಅವತ್ತು ತೋರಿಸುವ ಡೆಮೊ ಬಿಲ್ಡ್‌ಗೆ ಮಾತ್ರ. ಖುಷಿಯಾಯಿತು.

ಮಾರ್ಚ್ 20, ಮಧ್ಯಾಹ್ನ

ಬಂದಿದ್ದಾರೆ. ಕೋಟು ಹಾಕಿಕೊಂಡವರು. ಮಿಮಿಕ್ರಿ ಕನ್ನಡಿ ಮುಂದೆ ಕೂದಲು ಸರಿಮಾಡಿಕೊಳ್ಳುತ್ತಿದ್ದಾನೆ. ಮಾಡಿಕೋ ಮರಿ, ಮಾಡಿಕೋ.

ಮಾರ್ಚ್ 20, ಸಂಜೆ

ಎಲ್ಲ ಹಾಳಾಯಿತು.

ಮೊದಲ ಹೆಗ್ಗಣವನ್ನು ತುಳಿದ. ಅದು ಎದ್ದಿತು. ಅವನ ಮುಖ ಪೆಚ್ಚಾಯಿತು, ನೋಡಿದೆ, ಕಣ್ತುಂಬ ನೋಡಿದೆ. ಎರಡನೆಯದು. ಮೂರನೆಯದು. ಸಾಲಾಗಿ ಕಾಲೆಳೆದುಕೊಂಡು ಅವನ ಹಿಂದೆ. ಬೆವರಿದ. ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಕೋಟಿನವನೊಬ್ಬ ಜೋರಾಗಿ ನಗಲು ಶುರುಮಾಡಿದ. ಪಕ್ಕದವಳೂ. ಹೆಗ್ಗಣಗಳ ಹಿಂಡು ಹೀರೊನನ್ನು ಗುಂಡಿಗೆ ನೂಕಿದಾಗ ಹಾಲ್ ತುಂಬ ಚಪ್ಪಾಳೆ.

ಮಿಮಿಕ್ರಿ ಒಂದು ಕ್ಷಣವೂ ಬಿಡಲಿಲ್ಲ. ಕೈ ಎತ್ತಿ, "ಇದೇ ನಾವು ಇಟ್ಟಿದ್ದ ಸರ್‌ಪ್ರೈಸ್!" ಅಂದ.

ಅಪ್ಪನ ನಡಿಗೆ ತೆಗೆಸಲು ಹೋಗಿ ಅದನ್ನೇ ಮೆರವಣಿಗೆ ಮಾಡಿಸಿದೆ. ನನ್ನ ಕೈಯಿಂದಲೇ. ಮನೆಗೆ ಬಂದು ಊಟ ಮಾಡಲಿಲ್ಲ.

ಮಾರ್ಚ್ 21

ಮೇಡಂ ಕರೆದರು. ಮಿಮಿಕ್ರಿ ಆಗಲೇ ಕೂತಿದ್ದ.

"ಅದನ್ನ ಬರೆದದ್ದು ನೀವು ಅಂತ ಗೊತ್ತಾಯ್ತು. ಮೊದಲೇ ಹೇಳೋದಲ್ವಾ! ಆ ಕಂಪನಿಯವರಿಗೆ ಹುಚ್ಚು ಹಿಡಿದುಬಿಟ್ಟಿದೆ. ಪೋಸ್ಟರ್ ಮೇಲೆ ಹೀರೊ ಬೇಡ, ಹೆಗ್ಗಣ ಇರಲಿ ಅಂತಾರೆ. ಗೊಂಬೆ ಬೇರೆ ಮಾಡ್ತಾರಂತೆ. ಕೀ ಕೊಟ್ರೆ ಪ್ಯಾಂಟ್ ಎಳ್ಕೊಂಡು ನಡೆಯೋದು" ಅಂದರು ಮೇಡಂ.

ಗೊಂಬೆ. ಅಲ್ಲಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅಪ್ಪನದು, ಮನೆಯಲ್ಲಿ ತೆಗೆದದ್ದು, ನಮ್ಮನ್ನು ಕೇಳಲಿಲ್ಲ... ಇವನ ಮುಂದೆ ಅತ್ತೆನಲ್ಲ ಅಂತ ಇನ್ನೂ ಹೊಟ್ಟೆ ಉರಿಯುತ್ತಿದೆ.

ಮಿಮಿಕ್ರಿಗೆ ನಾಚಿಕೆಯೇ ಇಲ್ಲ. "ರೆಫರೆನ್ಸ್ ಮೇಡಂ. ಎಲ್ಲ ಅನಿಮೇಟರ್‌ಗಳೂ ಮಾಡೋದೇ. ರಸ್ತೇಲಿ ಹೋಗೋರನ್ನ ನೋಡಲ್ವಾ?" ಆಮೇಲೆ ನನ್ನ ಕಡೆ ತಿರುಗಿ, "ಯಾಕಕ್ಕ ಅವಮಾನ ಅಂದ್ಕೋತೀರಾ? ಅಂಕಲ್ ಮೇಲಿನ ಪ್ರೀತಿಯಿಂದ ಮಾಡಿದ್ದು."

ಅಕ್ಕ ಅಂತೆ ಅಕ್ಕ.

ಮೇಡಂ, ಅಪ್ಪನನ್ನೇ ಕೇಳೋಣ ಅಂದರು. ಒಪ್ಪಿದರೆ ಕ್ಯಾಮೆರಾ ಹಾಲ್‌ಗೆ ಕರೆಸಿ ಸರಿಯಾಗಿ ರೆಕಾರ್ಡ್ ಮಾಡುವುದು, ಗೇಮಿನಲ್ಲಿ ಅವರ ಹೆಸರು ಹಾಕುವುದು. ಒಪ್ಪದಿದ್ದರೆ ನಡಿಗೆ ತೆಗೆಯುವುದು. "ನೀವೇ ಕೇಳಿ, ಒತ್ತಾಯ ಇಲ್ಲ" ಅಂದರು. ಒಪ್ಪಲಿ ಅನ್ನುವ ಆಸೆ ಮುಖದಲ್ಲೇ ಇತ್ತು.

ಮಾರ್ಚ್ 22

ಅಪ್ಪನಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಬೇರೆ ದಾರಿ ಇರಲಿಲ್ಲ.

ಅಮ್ಮ ಮೊದಲು ಇಣುಕಿದಳು. "ಹೆಗ್ಗಣಕ್ಕೆ ಪ್ಯಾಂಟ್ ಬೇರೆ ಕೇಡು" ಅಂದಳು. ಆಮೇಲೆ ಅದು ನಡೆಯಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. "ಇದರ ತಲೆ ಮೇಲೆ ಹಾರೋದಾ?"

"ಹೂಂ."

"ಎಲ್ರೂ?"

"ಹೂಂ."

ಗೋಡೆ ಹಿಡಿದುಕೊಂಡು ಎದ್ದರು. "ಬರ್ತೀನಿ ಅಂತ ಹೇಳು" ಅಂದರು.

"ಅಪ್ಪ, ಬೇಡ ಅನ್ಬಹುದು. ಒತ್ತಾಯ ಇಲ್ಲ."

"ಗೊತ್ತಾಯ್ತು ಕಣಮ್ಮ. ಬರ್ತೀನಿ ಅಂದ್ನಲ್ಲ. ಸ್ವಲ್ಪ ದಿನ ಟೈಮ್ ಕೊಡಕ್ಕೆ ಹೇಳು."

ಸಿಟ್ಟು ಬಂದಿದೆ. ಮಿಮಿಕ್ರಿಯ ಮೇಲಲ್ಲ ಈ ಸಲ. ಪೋಸ್ಟರ್, ಹೆಸರು ಅಂದ ಕೂಡಲೇ ಮನಸ್ಸು ಕರಗಿತೇ? ಇವರಿಗಾಗಿ ನಾನು ಇಷ್ಟು ದಿನ ಒಳಗೊಳಗೇ ಕುದ್ದೆ!

ಏಪ್ರಿಲ್ 2

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನು? ಆಫೀಸಿನಲ್ಲಿ ಮಿಮಿಕ್ರಿ ಗೆದ್ದವನ ಹಾಗೆ ಓಡಾಡುತ್ತಿದ್ದಾನೆ. "ಅಂಕಲ್ ಸೂಪರ್" ಅಂತ ಹೆಬ್ಬೆರಳು ತೋರಿಸಿದ. ಆ ಬೆರಳು ಮುರಿಯಬೇಕು ಅನ್ನಿಸಿತು.

ಅಪ್ಪ ದಿನಾ ಬೆಳಿಗ್ಗೆ ತಾರಸಿಗೆ ಹೋಗುತ್ತಾರಂತೆ. ಬಾಗಿಲು ಆಚೆಯಿಂದ ಹಾಕಿಕೊಳ್ಳುತ್ತಾರಂತೆ. "ಅಂಗಿ ಹಿಂಡಿದ್ರೆ ನೀರು ಬರುತ್ತೆ, ಅಷ್ಟು ಬೆವರಿರ್ತಾರೆ. ಕೇಳಿದ್ರೆ ಪ್ರಾಕ್ಟೀಸ್ ಅಂತಾರೆ. ಏನಂತ ಕೇಳೇ ನೀನಾದ್ರೂ" ಅಂತ ಅಮ್ಮ ಗೊಣಗಿದಳು.

ಪ್ರಾಕ್ಟೀಸ್ ಅಂತೆ. ಹೆಗ್ಗಣದ ಹಾಗೆ ಇನ್ನೂ ಚೆನ್ನಾಗಿ ಕುಂಟಲು ಇರಬೇಕು. ಕೇಳಲಿಲ್ಲ. ಮಾತೇ ಕಡಿಮೆ ಮಾಡಿದ್ದೇನೆ.

ಏಪ್ರಿಲ್ 8, ಸಂಜೆ

ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ.

ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಮೇಲೆ ಚುಕ್ಕಿಗಳ ಕಪ್ಪು ಡ್ರೆಸ್ ಹಾಕಿಸಿದರು. ಸುತ್ತ ಕ್ಯಾಮೆರಾಗಳು. ಅಪ್ಪ ಹೇಗೆ ನಡೆದರೆ ಪರದೆಯ ಮೇಲೆ ಹೆಗ್ಗಣ ಹಾಗೇ ನಡೆಯುತ್ತದೆ. ರೆಕಾರ್ಡಿಂಗ್ ಮಶೀನ್ ಮುಂದೆ ನಾನು. ಮೇಡಂ ಕುರ್ಚಿಯಲ್ಲಿ. ನೋಡಲು ಅರ್ಧ ಆಫೀಸ್ ಬಂದಿತ್ತು.

"ಅಂಕಲ್, ಯಾವಾಗ್ಲೂ ನಡೆಯೋ ಹಾಗೇ ನಡೀರಿ. ಆ ಗೋಡೆವರೆಗೆ" ಅಂದ ಮಿಮಿಕ್ರಿ. ಬಾಯಲ್ಲಿ ಬೆಣ್ಣೆ.

ಅಪ್ಪ ನಡೆದರು.

ನೆಟ್ಟಗೆ. ಎಡಗಾಲು ಎಳೆಯಲಿಲ್ಲ, ಎತ್ತಿ ಇಟ್ಟರು. ನಡುವೆ ನಿಲ್ಲಲಿಲ್ಲ. ಸೊಂಟಕ್ಕೆ ಕೈ ಹಾಕಲಿಲ್ಲ. ಅತ್ತಿತ್ತ ಯಾರನ್ನೂ ನೋಡಲಿಲ್ಲ. ದವಡೆ ಕಚ್ಚಿದ್ದರು, ಕತ್ತಿನ ನರ ಉಬ್ಬಿತ್ತು, ಕಿವಿಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು. ಗೋಡೆ ಮುಟ್ಟಿ, ತಿರುಗಿ, ಅದೇ ಥರ ವಾಪಸ್ ಬಂದರು. ಪರದೆಯ ಮೇಲೆ ಹೆಗ್ಗಣ ಸಿಪಾಯಿಯ ಹಾಗೆ ನಡೆಯಿತು. ನಾನು ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ ಅಪ್ಪ ಅವರು. ತಾರಸಿಯ ಮೇಲೆ ಮಾಡುತ್ತಿದ್ದದ್ದು ಇದು. ನಾನು ಮೂರ್ಖಳು.

"ಅಂಕಲ್, ಹೀಗಲ್ಲ... ಆ ವಿಡಿಯೊದಲ್ಲಿ ಇದ್ದಂಗೆ..."

"ಯಾವ ವಿಡಿಯೊ? ತೋರ್ಸಿ."

ಮೇಡಂ ನೋಡುತ್ತಿದ್ದರು. ಫೋನ್ ಕೊಡಲೇಬೇಕಾಯಿತು. ಅಪ್ಪ ಪೂರ್ತಿ ನೋಡಿದರು.

"ಇದು ನಾನು ಮನೇಲಿ ನಡೆಯೋ ನಡಿಗೆ. ಮನೆಯೋರಿಗೆ, ಮನೆಯೋರು ಅಂದ್ಕೊಂಡೋರಿಗೆ. ಕದ್ದೋರಿಗೆ ಎರಡನೇ ಸಲ ನಾನೇ ತಂದು ಕೊಡ್ಲಾ? ಅಳಿಸ್ರಿ."

ಅಳಿಸಿದ. ಮೇಡಂ ಎದ್ದು ಬಂದು, ಅಳಿಸಿಹೋಗಿದೆಯಾ ಅಂತ ತಾವೇ ನೋಡಿದರು. ಕಂಪ್ಯೂಟರ್‌ನಲ್ಲಿದ್ದದ್ದನ್ನೂ ಅಳಿಸಿದರು. ನಗುವವರು ಯಾರೂ ಇರಲಿಲ್ಲ.

"ಈಗ... ಹೆಗ್ಗಣ ಹೇಗೆ ನಡೀಬೇಕು?" ಅಂದ ಮಿಮಿಕ್ರಿ.

"ನೀವೇ ನಡೀರಿ. ಊರಿನವರ ನಡಿಗೆ ಎಲ್ಲಾ ಬರುತ್ತಂತಲ್ಲ. ನಿಮ್ಮದು ಬರುತ್ತಾ ನೋಡೋಣ" ಅಂದರು ಅಪ್ಪ.

ಮೇಡಂ, "ಡ್ರೆಸ್ ಹಾಕ್ಕೋ" ಅಂದರು. ಅಷ್ಟೇ.

ಹಾಕಿಕೊಂಡ. ಪಾಪ, ತನ್ನ ಹಾಗೆ ನಡೆಯುವುದು ಅವನಿಗೆ ಗೊತ್ತೇ ಇಲ್ಲ. ತುದಿಗಾಲು, ಭುಜ ಕಿವಿಗೆ ಏರಿದೆ, ಎರಡು ಹೆಜ್ಜೆಗೊಮ್ಮೆ ಪಕ್ಕಕ್ಕೆ ನೋಟ — ಯಾರಾದರೂ ನಗುತ್ತಿದ್ದಾರಾ ಅಂತ. ಪರದೆಯ ಮೇಲೆ, ನಾಲ್ಕು ಭಾಗಗಳಲ್ಲಿ ಮೊದಲ ಬಾರಿಗೆ, ಅಸಲಿ ಹೆಗ್ಗಣ ಕಾಣಿಸಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಭುಜದ ಚುಕ್ಕಿ ಬಿತ್ತು. ಇನ್ನೊಮ್ಮೆ" ಅಂದೆ. ಬಿದ್ದಿರಲಿಲ್ಲ.

ನಡೆದ.

"ಇನ್ನೊಮ್ಮೆ."

ನಡೆದ. ಅಪ್ಪ ಹೊರಗೆ ಹೋಗಿ ಕೂತರು. ಇವನು ಮತ್ತೆ ನಡೆದದ್ದು ಎಷ್ಟು ಸಲವೋ. ಅವನು ಸೊಂಟ ಹಿಡಿದುಕೊಂಡಾಗ ನಾನು ನೀರು ಕುಡಿದೆ, ನಿಧಾನವಾಗಿ. ಆಮೇಲೆ ಇನ್ನೊಮ್ಮೆ ಅಂದೆ. ಮರುಕ ಹುಟ್ಟುತ್ತದೇನೋ ಅಂತ ಕಾದೆ. ಹುಟ್ಟಲಿಲ್ಲ. ತಂಪಾಯಿತು.

ಏಪ್ರಿಲ್ 8, ರಾತ್ರಿ

ಟ್ಯಾಕ್ಸಿಯಲ್ಲಿ ಅಪ್ಪನನ್ನು ಕರೆತಂದೆ. ಮನೆ ಬಾಗಿಲು ದಾಟಿದ್ದೇ ಕುರ್ಚಿಗೆ ಕುಸಿದರು. ಶೂ ಬರಲಿಲ್ಲ. ಕಾಲು ಬಾತು ಹೋಗಿದೆ, ಪಾದ ಗುರುತೇ ಸಿಗುವುದಿಲ್ಲ. ಅಮ್ಮ ಲೇಸ್ ಕತ್ತರಿಸಿ ತೆಗೆದಳು. ಬೈದಳು, ಅತ್ತಳು, ಮತ್ತೆ ಬೈದಳು. "ಯಾರಿಗೆ ತೋರ್ಸಕ್ಕೆ ಈ ಶೌರ್ಯ?" ನನ್ನನ್ನೂ ಸೇರಿಸಿ ಬೈದಳು. ಬೈಸಿಕೊಳ್ಳಬೇಕಾದ್ದೇ.

"ಅವನು ತುಂಬಾ ನಡೆದ್ನಾ?" ಅಂದರು ಅಪ್ಪ. ಕಣ್ಣು ಮುಚ್ಚಿಕೊಂಡೇ.

"ಸಂಜೆವರೆಗೂ."

ತುಟಿಯಲ್ಲಿ ಸ್ವಲ್ಪ ನಗು ಬಂತು. ನೋವಿಗೆ ಅಲ್ಲೇ ನಿಂತಿತು.

ಈಗ ಮಿಮಿಕ್ರಿಯ ಮೆಸೇಜ್. "ಅಕ್ಕ, ದಯವಿಟ್ಟು ನನ್ನ ರೆಕಾರ್ಡಿಂಗ್ ಹಾಕಬೇಡಿ. ನನ್ನ ಹೆಂಡತಿ ಮನೆಯವರೆಲ್ಲ ನೋಡ್ತಾರೆ. ಒಂದು ಮಾತು ಕೇಳ್ತಿದ್ದೀನಿ, ಇಲ್ಲ ಅನ್ಬೇಡಿ."

ಕೇಳುತ್ತಿದ್ದಾನೆ. ಕೇಳುವುದು ಬರುತ್ತದೆ ಹಾಗಾದರೆ.

ಉತ್ತರ ಮನಸ್ಸಿನಲ್ಲಿ ಸಿದ್ಧವಿದೆ. ಪೋಸ್ಟರ್, ಗೊಂಬೆ, ಕೀ ಕೊಟ್ಟರೆ ತುದಿಗಾಲಲ್ಲಿ ನಡೆಯುವುದು. ಒಂದೊಂದೇ ಬರೆಯುತ್ತೇನೆ, ಆರಾಮವಾಗಿ, ರುಚಿ ನೋಡಿಕೊಂಡು. ಮೊದಲನೆಯದು—

ಅಪ್ಪ ಕೂಗುತ್ತಿದ್ದಾರೆ. ಏಳಲಿಕ್ಕೆ ಆಗುತ್ತಿಲ್ಲವಂತೆ. ಬಲಗಾಲಿಗೂ ಬಲವಿಲ್ಲವಂತೆ. ಹೊರಟೆ; ಮಿಮಿಕ್ರಿಯ ಉತ್ತರ ಆಮೇಲೆ.