ಬಾಗಿಲಲ್ಲಿಟ್ಟ ಚೀಲ

ಪ್ರೀತಿಯ ಅಣ್ಣಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಶನಿವಾರದ ಟಿಕೆಟ್ ರದ್ದು ಮಾಡಿಸು. ಬೈಯುವುದಿದ್ದರೆ ಆಮೇಲೆ ಬೈ.

ಈ ಪರದೇಶದ ಆಸ್ಪತ್ರೆಯಲ್ಲಿ ನಾನು ನೋಡಿಕೊಳ್ಳುವ ಪುಟ್ಟಿಗೆ ಕಾಲಲ್ಲಿ ಬಲವಿಲ್ಲ, ತನ್ನವರು ಅಂತಲೂ ಯಾರಿಲ್ಲ. ನಮ್ಮಂಥ ಸ್ವಯಂಸೇವಕರು ತಿಂಗಳಿಗೊಬ್ಬರಂತೆ ಬರುತ್ತೇವೆ, ಮುದ್ದು ಮಾಡಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತೇವೆ. ಮೊದಮೊದಲು ಅವಳು ಹೊರಟವರ ಚಪ್ಪಲಿ ಬಚ್ಚಿಟ್ಟು ಅಳುತ್ತಿದ್ದಳಂತೆ.

ಇವತ್ತು ಬೆಳಿಗ್ಗೆ ನೋಡಿದರೆ ನನ್ನ ಚೀಲ ವಾರ್ಡಿನ ಬಾಗಿಲಲ್ಲಿತ್ತು. ಪಕ್ಕದ ಕೋಣೆಯಿಂದ ತೆವಳಿಕೊಂಡೇ ಎಳೆದು ತಂದಿದ್ದಾಳೆ. ಯಾಕೆ ಎಂದು ಕೇಳಿದೆ. ನಮ್ಮ ಮಾತು ಬರುವ ನರ್ಸಮ್ಮ ಕೇಳಿ ಹೇಳಿದರು: "ಹೇಗೂ ಹೋಗ್ತಾಳಲ್ಲ, ಇವತ್ತೇ ಹೋಗ್ಲಿ ಅಂತಾಳಮ್ಮ. ಸೋಮವಾರ ಅವಳಿಗೆ ಆಪರೇಷನ್ ಅಲ್ವಾ, ಅಷ್ಟರಲ್ಲಿ ಅತ್ತು ಮುಗಿಸ್ಬೇಕಂತೆ."

ಚೀಲ ಬಿಚ್ಚಿ ಬಟ್ಟೆಯನ್ನೆಲ್ಲ ಅವಳ ಮಂಚದ ಕೆಳಗೇ ಜೋಡಿಸಿದೆ. ನಂಬಲಿಲ್ಲ. ಚಪ್ಪಲಿಯನ್ನೂ ಕೈಗೆ ಕೊಟ್ಟು ಬಚ್ಚಿಡು ಎಂದು ಸನ್ನೆ ಮಾಡಿದೆ. ಒಂದು ಗಳಿಗೆ ಎದೆಗವಚಿಕೊಂಡಳು. ಆಮೇಲೆ ಬಗ್ಗಿ, ತಾನೇ ನನ್ನ ಕಾಲಿಗೆ ತೊಡಿಸಿದಳು.

ಅಮ್ಮನಿಗೆ ನೀನೇ ಏನಾದರೂ ಹೇಳು. ಯಾವಾಗ ಬರುತ್ತೀಯ ಎಂದು ಮಾತ್ರ ಕೇಳಬೇಡ. ನಿನ್ನ ದಮ್ಮಯ್ಯ, ಆ ಟಿಕೆಟ್ ಇರುವತನಕ ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ.

ಇಂತಿ,
ಚಪ್ಪಲಿ ಇನ್ನೂ ಬಿಚ್ಚದ ನಿನ್ನ ತಂಗಿ