ಮೊದಲ ನಗುವಿನ ಉಪ್ಪು

ಮಾದಾಪುರ
20 ಜನವರಿ 2025, ಸೋಮವಾರ

ಕವನಾಳ ಅಪ್ಪನಿಗೆ ತಂಗಮ್ಮ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದೆ. ಎರಡು ವರ್ಷದಿಂದ ಫೋನಿನಲ್ಲಿ ನೆಟ್ಟಗೆ ಮಾತಾಡದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ಫೋನ್ ಹಿಡಿದರೆ ಪಕ್ಕದಲ್ಲಿ ಮಗಳಿರುತ್ತಾಳೆ. ಅವಳೆದುರು ಆಡುವ ಮಾತಲ್ಲ ಇದು. ಬೆಳಗ್ಗಿನಿಂದ ಮೂರು ಸಲ ಬರೆಯಲು ಕೂತೆ, ಮೂರು ಸಲ ಎದ್ದೆ. ಒಮ್ಮೆ ತೋಟದಲ್ಲಿ ಹಣ್ಣು ಕೊಯ್ಯುವ ಪಿಕಿಂಗಿನವರಿಗೆ ಕಾಫಿ ಕೊಡಲು, ಒಮ್ಮೆ ಕಣದಲ್ಲಿ ಕಾಫಿ ಹಣ್ಣು ಹರಡಲು. ಮೂರನೆಯ ಸಲ ಯಾಕೆ ಎದ್ದೆನೋ ನನಗೇ ಗೊತ್ತಿಲ್ಲ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಕವನಾ ತನ್ನ ಕೂಸನ್ನು ಫೋನಿನ ಮುಂದೆ ಹಿಡಿದಳು. ನೀವು ಆ ದೊಡ್ಡ ಟೊಪ್ಪಿ ತೆಗೆದು, ಮೂತಿ ಸೊಟ್ಟ ಮಾಡಿ, ಕುರಿಯ ಹಾಗೆ ಅರಚಿದಿರಿ. ಕೂಸು ಕಿಲಕಿಲ ನಕ್ಕಿತು. ಇದೇ ಮೊದಲ ನಗು, ನಗಿಸಿದ್ದು ನನ್ನಪ್ಪ ಎಂದು ಕವನಾ ಮನೆಯೆಲ್ಲ ಕೂಗಿಕೊಂಡು ಓಡಾಡಿದಳು. ನಿಮ್ಮ ಮುಖ ಮಾತ್ರ ಗಂಭೀರವಾಯಿತು. ಅಮೆರಿಕದ ನಿಮ್ಮ ಆ ನವಾಹೊ ಬುಡಕಟ್ಟಿನವರಲ್ಲಿ ಕೂಸನ್ನು ಮೊದಲು ನಗಿಸಿದವರೇ ಎಲ್ಲರಿಗೂ ಊಟ ಹಾಕಬೇಕು, ಕೂಸಿನ ಕೈಯಿಂದಲೇ ಬಂದವರಿಗೆ ಉಪ್ಪಿನ ಹರಳು ಕೊಡಿಸಬೇಕು, ಆಗ ಅದು ಧಾರಾಳ ಮನಸ್ಸಿನದಾಗುತ್ತದೆ, ನಗಿಸಿದವರ ಗುಣವೂ ಅದಕ್ಕೆ ಬರುತ್ತದೆ ಎಂದಿರಿ. ಇದನ್ನು ನನಗೆ ಹೊಸದಾಗಿ ಹೇಳಬೇಕಿತ್ತೇ? ಮದುವೆಯಾದ ಹೊಸತರಲ್ಲಿ ಹಾರಂಗಿ ತೋರಿಸಲು ಕರೆದುಕೊಂಡು ಹೋದವರು ಅಣೆಕಟ್ಟಿನ ಹತ್ತಿರ ನಿಂತು ಮಾತಾಡಿದ್ದು ಏನು? ನನ್ನ ಸೀರೆ ಬಗ್ಗೆಯೇ? ನವಾಹೊ ಹೆಂಗಸರು ಕುರಿಯ ಉಣ್ಣೆಗೆ ಬಣ್ಣ ಹಾಕುವುದರ ಬಗ್ಗೆ.

ಹತ್ತು ವರ್ಷದ ಹುಡುಗನಾಗಿದ್ದಾಗ ನೀವು ಯಾವುದೋ ಬಂಗಲೆಯ ರದ್ದಿಯಲ್ಲಿ ಒಂದು ಫೋಟೋ ನೋಡಿದ್ದಿರಂತೆ, ಮಗ್ಗದ ಮುಂದೆ ಕೂತ ಹೆಂಗಸು, ಹಿಂದೆ ಕೆಂಪು ಬಂಡೆ. ಅಲ್ಲಿಂದ ಹಿಡಿದ ಹುಚ್ಚು ಬಿಡಲೇ ಇಲ್ಲ. ಇಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದವರು ಅಲ್ಲಿನ ಶಾಲೆಗೆ ಮೇಷ್ಟ್ರು ಬೇಕಂತೆ ಎಂದು ಎರಡು ವರ್ಷಕ್ಕೆಂದು ಹೋದಿರಿ. ಒಂಬತ್ತಾಯಿತು. ಮಗಳ ಮದುವೆಗೆ ಹನ್ನೆರಡು ದಿನ ಬಂದಿರಿ, ಅದೂ ನೆಂಟರ ಹಾಗೆ. ಆ ಜನರ ಮೇಲೆ ನನಗೆ ಸಿಟ್ಟಿಲ್ಲ. ನೀವು ಜ್ವರದಲ್ಲಿ ಮಲಗಿದಾಗ ಬಾಡಿಗೆ ಮನೆಯ ಆ ಅಜ್ಜಿ ಎಂಟು ದಿನ ಜೋಳದ ಗಂಜಿ ಕುಡಿಸಿದ್ದು ನನಗೆ ನೆನಪಿದೆ. ಆ ಋಣ ದೊಡ್ಡದು.

ಆದರೆ ನಿನ್ನೆ ಕೊನೆಗೆ ಆಡಿದ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ರಜೆ ಸಿಗುವುದು ಕಷ್ಟ, ಫೆಬ್ರವರಿ ಹದಿನೈದಕ್ಕೆ ಅಲ್ಲೇ ಕುರಿ ಕೊಯ್ದು ಊಟ ಹಾಕುತ್ತೇನೆ, ಕೂಸಿನ ಫೋಟೋ ಇಟ್ಟರಾಯಿತು ಎಂದಿರಿ. ಫೋಟೋ ಉಪ್ಪು ಕೊಡುತ್ತದೆಯೇನ್ರೀ? ಖಾಲಿ ತೊಟ್ಟಿಲು ತೂಗಿದ ಹಾಗಾಯಿತು. ಅವರ ಪದ್ಧತಿಯನ್ನು ಅಷ್ಟು ತಲೆಯ ಮೇಲೆ ಹೊತ್ತವರು ಅರ್ಧ ಮಾತ್ರ ಮಾಡುವುದು ಯಾವ ನ್ಯಾಯ?

ಅದಕ್ಕೇ ಹೇಳುತ್ತೇನೆ, ಹದಿನೈದಕ್ಕೆ ಇಲ್ಲಿಗೆ ಬಂದು ನಿಮ್ಮ ಕರ್ತವ್ಯ ಮುಗಿಸಿ ಹೋಗಿ. ನನಗಾಗಿ ಬರಬೇಕಿಲ್ಲ. ನಮ್ಮಣ್ಣ ಬೋಜಪ್ಪನ ಹತ್ತಿರ ಆ ದಿನದ ಊಟಕ್ಕೆ ಒಂದು ಹಂದಿ ಬೇಕಾಗುತ್ತದೆ ಎಂದೆ. ಅವನು ಎಲೆ ಅಡಿಕೆ ಜಗಿಯುತ್ತಾ ಕೇಳಿದ್ದು ಇಷ್ಟೇ: "ಅವ ಬರೋದು ಖಂಡಿತವಾ ತಂಗಮ್ಮಾ? ಬರದಿದ್ರೆ ಎಂಥಕ್ಕೆ ಸುಮ್ನೆ ಹಂದಿ ಕೊಯ್ಸೋದು?" ಬರುತ್ತಾರೆ ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಎಂದೆನೋ. ಅಂದಿನಿಂದ, ಅಂದರೆ ನಿನ್ನೆ ಸಂಜೆಯಿಂದ, ಕೂತಲ್ಲಿ ಕೂರಲಾಗುತ್ತಿಲ್ಲ.

ಇನ್ನೊಂದು. ನೀವು ಹೋಗಿ ಒಂದು ವರ್ಷಕ್ಕೆ ನನ್ನನ್ನೂ ಕರೆದಿರಿ, ನಾನು ಬರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾರೆ ಎಂದು ಊರಿಗೆಲ್ಲ ಹೇಳಿದೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ನಾನು ಬರದೇ ಉಳಿದದ್ದು ನೀವು ಎರಡನೆಯ ಸಲ ಕರೆಯಲಿಲ್ಲ ಎಂದು. ಇದನ್ನು ಕವನಾಳಿಗೂ ಹೇಳಿಲ್ಲ.

ಕೂಸು ಎದ್ದಿತು, ಸಾಕು. ವಿಮಾನ ಹತ್ತುವ ದಿನ ತಿಳಿಸಿ.

ಹೇಗಿದ್ದರೂ ನಿಮ್ಮವಳೇ,
ತಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಂಟಿಸಿದ ಕವರು ಹರಿದು ಬರೆಯುತ್ತಿದ್ದೇನೆ. ಕೂಸು ಮೊದಲು ನಕ್ಕದ್ದು ನಿಮಗಲ್ಲ. ಕಳೆದ ಬುಧವಾರ ಅದನ್ನು ಬಿಸಿಲಿಗೆ ಚಾಪೆಯ ಮೇಲೆ ಮಲಗಿಸಿದ್ದೆ. ಕಣಕ್ಕೆ ನುಗ್ಗಿದ ಕೋಳಿ ಓಡಿಸಲು ಹೋಗಿ ಕಾಫಿ ಹಣ್ಣಿನ ಮೇಲೆ ಜಾರಿ ದೊಪ್ಪನೆ ಕೂತೆ. ಆಗ ಗಟ್ಟಿಯಾಗಿ ನಕ್ಕಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಭಾನುವಾರ ನಿಮ್ಮ ಫೋನ್ ಬರುತ್ತದೆ, ನಗು ನಿಮ್ಮ ಹೆಸರಿಗಾಗಲಿ, ಆ ನೆಪಕ್ಕಾದರೂ ಬಂದೀರಿ ಎಂದುಕೊಂಡೆ. ನನ್ನ ಗುಣ ಬಂದರೆ ಹುಡುಗಿ ದಾರಿ ಕಾಯುತ್ತಾ ಕೂತಾಳು ಎಂಬ ಹೆದರಿಕೆಯೂ ಇತ್ತು. ಆದರೆ ನಿಮ್ಮನ್ನು ಸುಳ್ಳು ಹೇಳಿ ಕರೆಸಿಕೊಂಡರೆ, ಬಂದ ಮೇಲೆ ನಿಮ್ಮ ಮುಖ ಹೇಗೆ ನೋಡಲಿ? ಊಟ ಹಾಕಬೇಕಾದವಳು ನಾನು, ಹಾಕುತ್ತೇನೆ. ನಿಮಗೆ ಯಾವ ಕಟ್ಟುಪಾಡೂ ಇಲ್ಲ. ಒಂಬತ್ತು ವರ್ಷದಲ್ಲಿ ನಾನೂ ಒಮ್ಮೆಯೂ ನಿಮ್ಮನ್ನು ಕರೆದವಳಲ್ಲ. ಈಗ ಕರೆಯುತ್ತಿದ್ದೇನೆ. ಬನ್ನಿ.