ಮೂರನೆಯ ಗ್ಲಾಸು

ವಾರ್ಸಾ, ೧೯೮೯
ಫೆಬ್ರವರಿ ೧೫

ಮತ್ತೆ ಫೋನು, ಫೋನು, ಫೋನು. ಇಪ್ಪತ್ತಮೂರಕ್ಕೆ ನಮ್ಮ ಸೋವಿಯತ್ ಮೈತ್ರಿ ಭವನದಲ್ಲಿ ಸೇನಾ ದಿನದ ಔತಣ. ಹಾಲ್ ತುಂಬಿಸುವುದು ನನ್ನ ಕರ್ಮ. ಮೊದಲೆಲ್ಲ ಪೋಲಿಷ್ ಅಧಿಕಾರಿಗಳು ಒಂದು ಕಾರ್ಡಿಗಾಗಿ ಹಲ್ಲು ಗಿಂಜುತ್ತಿದ್ದರು. ಈಗ ಎಲ್ಲರಿಗೂ ಫ್ಲೂ!

ಸಂಜೆ ಟಿವಿಯಲ್ಲಿ ನಮ್ಮ ಸೈನ್ಯ. ಕೊನೆಯ ತುಕಡಿ ಅಫ್ಘಾನಿಸ್ತಾನ ಬಿಟ್ಟು ಸೇತುವೆ ದಾಟಿತು. ಹೂವು, ಬ್ಯಾಂಡು.

"ನೋಡ್ದೇನಯ್ಯಾ ವಾದಿಮ್, ಏನು ಠೀವಿ!" ಅಂದರು ಡೈರೆಕ್ಟರ್ ಅರ್ಕಾದಿ ಸೆಮ್ಯೋನೊವಿಚ್.

ಒಂಬತ್ತು ವರ್ಷ ಕಾದಾಡಿ, ಬರಿಗೈಲಿ ವಾಪಸ್... ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಫೆಬ್ರವರಿ ೧೮

ಇವತ್ತು ಒಬ್ಬ ಪೋಲಿಷ್ ಅಧಿಕಾರಿ ಕೆಮ್ಮುವ ನಾಟಕವನ್ನೂ ಆಡಲಿಲ್ಲ. "ಬರಕ್ಕಾಗಲ್ಲ ಕಣ್ರೀ" — ಅಷ್ಟೇ, ಫೋನ್ ಇಟ್ಟ. ಕೋಟು ಕಾಯುವ ಪೋಲಿಷ್ ಮುದುಕಿ ಹಲೀನಾ ಬೇರೆ ಚುಚ್ಚಿದಳು: "ಅಲ್ಲಿಂದ ಹೊರಟ್ರಲ್ಲ, ಇಲ್ಲಿಂದ ಯಾವಾಗಪ್ಪಾ?" ಹೋದ ವರ್ಷ ಹೀಗನ್ನುವ ಧೈರ್ಯ ಇತ್ತೇ ಇವಳಿಗೆ?

ಇವರಿಗೆ ನಮ್ಮ ಹೆದರಿಕೆ ಹೋಯಿತು. ಹೋಗಲಿ. ಆದರೆ ನನ್ನ ತಮ್ಮ ಗ್ಲೇಬ್ ಬರುತ್ತಿದ್ದಾನೆ. ಆ ಯುದ್ಧದಿಂದ ಹೋದ ತಿಂಗಳು ಜೀವ ಉಳಿಸಿಕೊಂಡು ಬಂದವನು. ಊರಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲವಂತೆ. ತುಂಬಿದ ಸಭೆಯಲ್ಲಿ ನಿನಗೆ ಸನ್ಮಾನ ಮಾಡಿಸುತ್ತೇನೆ ಎಂದುಬಿಟ್ಟಿದ್ದೇನೆ. ಯಾಕಾದರೂ ಅಂದೆನೋ!

ಫೆಬ್ರವರಿ ೨೪, ಬೆಳಿಗ್ಗೆ

ಥೂ. ಹಾಲ್ ಭಣಭಣ. ಮುಂದಿನ ಸಾಲಲ್ಲಿ ನಮ್ಮ ಡ್ರೈವರುಗಳಿಗೇ ಟೈ ಕಟ್ಟಿಸಿ ಕೂರಿಸಿದೆವು. ನಾಚಿಕೆಯಿಂದ ಸತ್ತೆ.

ಮೂರನೆಯ ಗ್ಲಾಸಿಗೆ ಗ್ಲೇಬ್ ಎದ್ದು ನಿಂತ. ಅಲ್ಲಿ ಕಾದಾಡಿದವರಿಗೆ ಮೂರನೆಯದು ಸತ್ತ ಗೆಳೆಯರ ಪಾಲು. ಎಲ್ಲರೂ ಎದ್ದು ನಿಂತು ಕುಡಿಯಬೇಕು; ಮಾತಾಡಬಾರದು, ಗ್ಲಾಸು ತಾಗಿಸಬಾರದು. ಡೈರೆಕ್ಟರಿಗೆ ಅದೆಲ್ಲಿ ಗೊತ್ತು! ನಗುನಗುತ್ತಾ ಬಂದು ಟಣ್ಣನೆ ತಾಗಿಸಿದರು — "ನಮ್ಮ ದೇಶದ ಗೌರವಕ್ಕೆ!"

ತಾಗಿದ ಏಟಿಗೆ ಗ್ಲೇಬನ ವೋಡ್ಕಾ ಚೆಲ್ಲಿತು. ಯಾರೂ ಏಳಲಿಲ್ಲ. ಬಾಗಿಲ ಬಳಿ ಹಲೀನಾ ಮಾತ್ರ ಅವನ ಮುಖ ನೋಡಿ, ಕೋಟುಗಳನ್ನು ಕೆಳಗಿಟ್ಟು, ಸುಮ್ಮನೆ ಎದ್ದು ನಿಂತಳು.

ಅದೇ ದಿನ, ಸಂಜೆ

ಗ್ಲೇಬನನ್ನು ರೈಲು ಹತ್ತಿಸಲು ಹೋದೆ. ಸಭೆ ಕಿಕ್ಕಿರಿದಿತ್ತೆಂದು ಮಾಸ್ಕೋಗೆ ವರದಿ ಕಳಿಸಲು ಹುಕುಂ ಆಗಿದೆ ಎಂದೆ. ನಗುತ್ತಾನೆ ಅಂದುಕೊಂಡಿದ್ದೆ.

"ಅಲ್ಲಿ ನಾವೂ ಹಿಂಗೇ ಬರೀತಿದ್ವಿ ಅಣ್ಣಾ," ಅಂದ. "ಹಳ್ಳಿಹಳ್ಳೀನೂ ನಮ್ಮ ಕಡೆ ಇದೆ ಅಂತ. ಅದನ್ನ ನಂಬಿ ಮೇಲಿನೋರು ಮಾರನೇ ದಿನ ಆ ಹಳ್ಳಿಗೆ ನಮ್ಮ ಹುಡುಗರನ್ನ ಕಳಿಸೋರು. ಎಷ್ಟೋ ಜನ ವಾಪಸ್ ಬರ್ಲೇ ಇಲ್ಲ."

ವರದಿಗೆ ಕೂತಿದ್ದೇನೆ. ಡೈರೆಕ್ಟರ್ ಎರಡು ಸಲ ಇಣುಕಿ ಹೋದರು. ಮೊದಲ ಸಾಲು — 'ಸಭಾಂಗಣವು ಕಿಕ್ಕಿರಿದು...' ಅಲ್ಲಿಗೇ ಪೆನ್ನು ನಿಂತಿದೆ.